ಗೃಹಬಳಕೆಯ ಪರಿಸರಸ್ನೇಹಿ ಅಭ್ಯಾಸಗಳು ಮತ್ತು ಸಾಮಾಜಿಕ ನಂಟುಗಳು

ವಿದ್ಯುತ್ತು, ನೀರು ಮತ್ತು ಅಡುಗೆ ಇಂಧನವನ್ನು ಮಿತವಾಗಿ ಬಳಸುವುದು, ಕಸವನ್ನು ಮೂಲದಲ್ಲೇ ಬೇರ್ಪಡಿಸುವುದು, ಹಸಿಕಸದಿಂದ ಗೊಬ್ಬರ ಮಾಡುವುದು, ಸೌರಶಕ್ತಿಯಂಥ ಸಾಧನಗಳನ್ನು ಅಳವಡಿಸಿಕೊಳ್ಳುವುದು ಮೊದಲಾದವುಗಳನ್ನು ಒಟ್ಟಾಗಿ ಗೃಹಬಳಕೆಯ ಪರಿಸರಸ್ನೇಹಿ ಅಭ್ಯಾಸಗಳೆಂದು ಕರೆಯುತ್ತಾರೆ. ಇವು ಪ್ರತಿಯೊಂದು ಕುಟುಂಬವೂ ತನ್ನಷ್ಟಕ್ಕೆ ತೀರ್ಮಾನಿಸುವ ಖಾಸಗಿ ಸಂಗತಿಗಳೆಂದೂ, ಬೆಲೆ ಮತ್ತು ತಿಳಿವಳಿಕೆ ಇವೆರಡೇ ಅವನ್ನು ನಿರ್ಧರಿಸುತ್ತವೆಂದೂ ಬಹುಕಾಲ ಭಾವಿಸಲಾಗಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯದ ಪ್ರಚಾರಗಳು ನಿರೀಕ್ಷಿತ ಫಲ ಕೊಡದೆ ಹೋದಾಗ, ಮನೆಮಂದಿ, ನೆರೆಹೊರೆ, ಸ್ನೇಹಿತರ ಬಳಗ, ಸಂಘಸಂಸ್ಥೆ ಇವುಗಳ ಮೂಲಕ ಅಭ್ಯಾಸಗಳು ಹೇಗೆ ಹುಟ್ಟಿ, ಹರಡಿ, ಉಳಿಯುತ್ತವೆ ಅಥವಾ ಅಳಿಯುತ್ತವೆ ಎಂಬ ಪ್ರಶ್ನೆಯನ್ನು ಮನೋವಿಜ್ಞಾನ, ಸಮಾಜವಿಜ್ಞಾನ ಮತ್ತು ಅರ್ಥಶಾಸ್ತ್ರಗಳು ಒಟ್ಟಾಗಿ ಕೈಗೆತ್ತಿಕೊಂಡವು. ಈವರೆಗಿನ ಅಧ್ಯಯನಗಳಿಂದ ಮೂಡಿಬರುವ ಮುಖ್ಯ ತೀರ್ಮಾನವೆಂದರೆ, ಸಾಮಾಜಿಕ ನಂಟಿನ ಬಲ ಉಪದೇಶದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕಾಣುವಿಕೆಯಲ್ಲಿದೆ. ತನ್ನಂಥವರು ಮಾಡುತ್ತಿರುವುದು ಕಣ್ಣಿಗೆ ಬಿದ್ದಾಗ ಅಭ್ಯಾಸ ಹರಡುತ್ತದೆ, ಗೋಡೆಯ ಮರೆಯಲ್ಲಿ ನಡೆಯುವ ಅಭ್ಯಾಸ ಅಲ್ಲಿಯೇ ಉಳಿಯುತ್ತದೆ.

ಸೈದ್ಧಾಂತಿಕ ಹಿನ್ನೆಲೆ

ಈ ಕ್ಷೇತ್ರದ ಮೊದಲ ಗಮನಾರ್ಹ ಪ್ರಯೋಗ ಪರಿಸರಕ್ಕೆ ಸಂಬಂಧಿಸಿದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಅಭಾವವಿದ್ದಾಗ, ಪ್ರಾಣಿಗಳ ಹೃದಯ, ಮೂತ್ರಪಿಂಡ ಮುಂತಾದ ಒಳಾಂಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರ ಮನವೊಲಿಸುವ ಕೆಲಸವನ್ನು ಮನೋವಿಜ್ಞಾನಿ ಕರ್ಟ್ ಲೆವಿನ್ ಕೈಗೊಂಡನು. ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿ, ಉಳಿದ ಗುಂಪುಗಳಲ್ಲಿ ಮಹಿಳೆಯರೇ ಚರ್ಚಿಸಿ ಕೊನೆಗೆ ಎಲ್ಲರೆದುರು ಕೈಯೆತ್ತಿ ನಿರ್ಧರಿಸುವಂತೆ ಮಾಡಲಾಯಿತು. ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ಹೊಸ ಪದಾರ್ಥವನ್ನು ಮನೆಯಲ್ಲಿ ಬಡಿಸಿದರೆ, ಚರ್ಚಿಸಿ ನಿರ್ಧರಿಸಿದವರಲ್ಲಿ ಶೇ. 32ರಷ್ಟು ಮಂದಿ ಬಡಿಸಿದರು. ಎರಡೂ ಬಗೆಯ ಗುಂಪುಗಳಿಗೆ ದೊರೆತ ಮಾಹಿತಿ ಹೆಚ್ಚುಕಡಿಮೆ ಒಂದೇ ಆಗಿದ್ದು, ವ್ಯತ್ಯಾಸವಿದ್ದದ್ದು ನಿರ್ಧಾರ ಹುಟ್ಟಿದ ಸನ್ನಿವೇಶದಲ್ಲಿ.

ಅನಂತರದ ದಶಕಗಳಲ್ಲಿ ಹಲವು ಪರಿಕಲ್ಪನೆಗಳು ಈ ಅಧ್ಯಯನಕ್ಕೆ ಒದಗಿಬಂದವು. ಎವರೆಟ್ ರೋಜರ್ಸ್ 1962ರಲ್ಲಿ ನಿರೂಪಿಸಿದ ನಾವೀನ್ಯ ಪ್ರಸರಣ ಸಿದ್ಧಾಂತವು, ಯಾವುದೇ ಹೊಸ ಪದ್ಧತಿಯನ್ನು ಮೊದಲು ಕೆಲವರು ಸ್ವೀಕರಿಸಿ, ಅವರನ್ನು ನೋಡಿ ಉಳಿದವರು ಹಂತಹಂತವಾಗಿ ಅನುಸರಿಸುತ್ತಾರೆಂದೂ, ಇತರರಿಗೆ ಸುಲಭವಾಗಿ ಕಾಣಿಸುವ ಪದ್ಧತಿಗಳು ಬೇಗ ಹರಡುತ್ತವೆಂದೂ ತಿಳಿಸಿತು. ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ನಂಟುಗಳನ್ನು ಬಿಗಿ ಮತ್ತು ಸಡಿಲ ಎಂದು ವಿಂಗಡಿಸಿ, ಮನೆಮಂದಿ ಮತ್ತು ಆಪ್ತರೊಡನೆ ಇರುವ ಬಿಗಿ ನಂಟಿಗಿಂತ ಪರಿಚಿತರೊಡನೆ ಇರುವ ಸಡಿಲ ನಂಟುಗಳ ಮೂಲಕವೇ ಹೊಸ ಸುದ್ದಿ ದೂರ ಸಾಗುತ್ತದೆಂದು ತೋರಿಸಿದನು. ಆದರೆ ಸುದ್ದಿ ತಲುಪುವುದು ಬೇರೆ, ಅಭ್ಯಾಸ ಬದಲಾಗುವುದು ಬೇರೆ ಎಂಬುದನ್ನು ಡೇಮನ್ ಸೆಂಟೋಲನ ಸಂಶೋಧನೆಗಳು ಮುಂದಿಟ್ಟವು. ಹಣ, ಶ್ರಮ ಅಥವಾ ಮುಜುಗರದ ಭಯವಿರುವ ಬದಲಾವಣೆಗೆ ಒಬ್ಬರ ಮಾತು ಸಾಲದೆ, ಒಂದೇ ಬಳಗದ ಹಲವರಿಂದ ಮತ್ತೆ ಮತ್ತೆ ಒತ್ತಾಸೆ ಬೇಕಾಗುತ್ತದೆ. ಇದನ್ನು ಸಂಕೀರ್ಣ ಹರಡುವಿಕೆ ಎನ್ನುತ್ತಾರೆ. ಪತ್ರಿಕೆಯಲ್ಲಿ ಓದಿದ ಮೇಲೂ ಕಸ ಬೇರ್ಪಡಿಸದ ಮನೆ, ಅದೇ ಮಹಡಿಯ ಮೂರು ಮನೆಗಳು ಬೇರ್ಪಡಿಸತೊಡಗಿದಾಗ ತಾನೂ ಆರಂಭಿಸುವುದು ಇದಕ್ಕೆ ಉದಾಹರಣೆ.

ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1990ರಿಂದ ಬೆಳೆಸಿದ ಸಾಮಾಜಿಕ ರೂಢಿಯ ಸಿದ್ಧಾಂತವು ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಾಗಿದೆ. ಇದರ ಪ್ರಕಾರ ರೂಢಿಗಳು ಎರಡು ಬಗೆ. ಸುತ್ತಲಿನವರು ವಾಸ್ತವವಾಗಿ ಏನು ಮಾಡುತ್ತಿದ್ದಾರೆಂಬ ಗ್ರಹಿಕೆಯು ಆಚರಣೆಯ ರೂಢಿ. ಸುತ್ತಲಿನವರು ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ತಪ್ಪೆನ್ನುತ್ತಾರೆಂಬ ಗ್ರಹಿಕೆಯು ಸಮ್ಮತಿಯ ರೂಢಿ. ಎರಡೂ ಒಂದೇ ದಿಕ್ಕಿನಲ್ಲಿದ್ದಾಗ ಪ್ರಭಾವ ಹೆಚ್ಚುತ್ತದೆ. ಬಹುಮಂದಿ ನೀರು ಪೋಲುಮಾಡುತ್ತಿದ್ದಾರೆಂದು ಖಂಡಿಸುವ ಪ್ರಚಾರವು, ಪೋಲುಮಾಡುವುದೇ ಎಲ್ಲರ ಆಚರಣೆ ಎಂಬ ಸಂದೇಶವನ್ನೂ ಜೊತೆಯಲ್ಲೇ ಸಾರುವುದರಿಂದ ತನ್ನ ಉದ್ದೇಶವನ್ನು ತಾನೇ ಕೆಡಿಸಿಕೊಳ್ಳುತ್ತದೆ.

ವಿದ್ಯುತ್ ಬಳಕೆ

ವಿದ್ಯುತ್ ಬಳಕೆ ಕಣ್ಣಿಗೆ ಕಾಣದ ಅಭ್ಯಾಸವಾದುದರಿಂದ ಅದನ್ನು ಕಾಣುವಂತೆ ಮಾಡಿದರೆ ಏನಾಗುತ್ತದೆಂಬುದನ್ನು ಪರೀಕ್ಷಿಸಲು ಅದು ತಕ್ಕ ಕ್ಷೇತ್ರವಾಯಿತು. ಕ್ಯಾಲಿಫೋರ್ನಿಯದ ಸ್ಯಾನ್ ಮಾರ್ಕೋಸ್ ಪಟ್ಟಣದ ಸುಮಾರು 290 ಮನೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರು ಮೀಟರ್ ಓದಿ, ಆ ಮನೆಯ ಬಳಕೆ ಮತ್ತು ನೆರೆಹೊರೆಯ ಸರಾಸರಿ ಬಳಕೆಯನ್ನು ಬರೆದ ಚೀಟಿಯನ್ನು ಬಾಗಿಲಿಗೆ ತೂಗುಹಾಕಿದರು. ಸರಾಸರಿಗಿಂತ ಹೆಚ್ಚು ಬಳಸುತ್ತಿದ್ದವರು ಬಳಕೆ ಇಳಿಸಿದರು. ಆದರೆ ಕಡಿಮೆ ಬಳಸುತ್ತಿದ್ದವರು, ತಾವು ಇತರರಿಗಿಂತ ಹೆಚ್ಚು ಬಿಗಿಹಿಡಿದಿದ್ದೇವೆಂದು ತಿಳಿದು, ಸರಾಸರಿಯ ಕಡೆಗೆ ಏರಿದರು. ತಿರುಗುಬಾಣ ಪರಿಣಾಮ ಎನ್ನಲಾಗುವ ಈ ತೊಡಕನ್ನು ನಿವಾರಿಸಲು ಇನ್ನೊಂದು ಗುಂಪಿನ ಚೀಟಿಗಳಲ್ಲಿ, ಕಡಿಮೆ ಬಳಸಿದವರಿಗೆ ನಗುವ ಮುಖವನ್ನೂ ಹೆಚ್ಚು ಬಳಸಿದವರಿಗೆ ಸಪ್ಪೆ ಮುಖವನ್ನೂ ಕೈಯಿಂದ ಬಿಡಿಸಲಾಗಿತ್ತು. ಆ ಸಣ್ಣ ಗೆರೆಚಿತ್ರವು ಸಮ್ಮತಿಯ ರೂಢಿಯನ್ನು ಸೇರಿಸಿದುದರಿಂದ, ಕಡಿಮೆ ಬಳಸುತ್ತಿದ್ದವರು ತಮ್ಮ ಮಟ್ಟವನ್ನು ಉಳಿಸಿಕೊಂಡರು.

ಇದೇ ತಂಡದ ಸದಸ್ಯರು 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಜನರ ಆತ್ಮವಿವರಣೆಯನ್ನೇ ಪ್ರಶ್ನಿಸಿತು. ವಿದ್ಯುತ್ ಉಳಿಸಲು ಕಾರಣವೇನೆಂದು ಕೇಳಿದಾಗ ಕ್ಯಾಲಿಫೋರ್ನಿಯದ ನಿವಾಸಿಗಳು ಪರಿಸರ, ಸಮಾಜಹಿತ, ಹಣದ ಉಳಿತಾಯ ಇವನ್ನು ಮುಂದಿಟ್ಟು, ನೆರೆಯವರ ನಡತೆಗೆ ಕೊನೆಯ ಸ್ಥಾನ ಕೊಟ್ಟರು. ಆದರೆ ಅವರ ಉಳಿತಾಯದೊಡನೆ ಅತಿ ಹೆಚ್ಚು ಹೊಂದಿಕೆಯಾದದ್ದು ನೆರೆಯವರು ಎಷ್ಟರಮಟ್ಟಿಗೆ ಉಳಿಸುತ್ತಿದ್ದಾರೆಂಬ ಅವರ ನಂಬಿಕೆಯೇ. ಪ್ರಭಾವಕ್ಕೆ ಒಳಗಾದವರು ಅದನ್ನು ಗುರುತಿಸದಿರುವುದು ಈ ಕ್ಷೇತ್ರದಲ್ಲಿ ಪದೇಪದೇ ಕಂಡುಬಂದಿರುವ ಲಕ್ಷಣ. ಪ್ರಶ್ನಾವಳಿಗಳನ್ನಷ್ಟೇ ನೆಚ್ಚಿದ ಸಮೀಕ್ಷೆಗಳು ನೆರೆಹೊರೆಯ ಪಾತ್ರವನ್ನು ಕಡೆಗಣಿಸುವ ಅಪಾಯವೂ ಇದರಿಂದಲೇ ಉಂಟಾಗುತ್ತದೆ.

ಈ ತತ್ತ್ವವನ್ನು ಅಮೆರಿಕದ ಓಪವರ್ ಕಂಪನಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಒಂದು ಮನೆಯ ಬಳಕೆಯನ್ನು ಅದೇ ಗಾತ್ರದ ಸಮೀಪದ ಸುಮಾರು 100 ಮನೆಗಳೊಡನೆ ಹೋಲಿಸುವ ವರದಿಯನ್ನು ವಿದ್ಯುತ್ ಸಂಸ್ಥೆಗಳ ಪರವಾಗಿ ಅದು ಗ್ರಾಹಕರಿಗೆ ಕಳಿಸತೊಡಗಿತು. ಸುಮಾರು 6 ಲಕ್ಷ ಮನೆಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ, ಬಳಕೆ ಸರಾಸರಿ ಶೇ. 2ರಷ್ಟು ಇಳಿಯಿತೆಂದೂ, ಅಲ್ಪಾವಧಿಯಲ್ಲಿ ಅಷ್ಟೇ ಇಳಿಕೆ ಸಾಧಿಸಲು ವಿದ್ಯುತ್ ದರವನ್ನು ಶೇ. 11ರಿಂದ 20ರಷ್ಟು ಏರಿಸಬೇಕಾಗುತ್ತಿತ್ತೆಂದೂ ಅಂದಾಜುಮಾಡಿದನು. ಶೇಕಡಾವಾರು ಲೆಕ್ಕದಲ್ಲಿ ಇದು ಚಿಕ್ಕದಾದರೂ, ಕಾಗದದ ವರದಿಯೊಂದರ ವೆಚ್ಚಕ್ಕೆ ಹೋಲಿಸಿದರೆ ಗಣನೀಯ. ಎರಡು ವರ್ಷ ವರದಿ ಪಡೆದ ಮೇಲೆ ಅದು ನಿಂತುಹೋದ ಮನೆಗಳಲ್ಲಿ ಪರಿಣಾಮವು ವರ್ಷಕ್ಕೆ ಶೇ. 10ರಿಂದ 20ರಷ್ಟು ಕ್ಷೀಣಿಸಿತೆಂದು 2014ರ ಅಧ್ಯಯನ ತಿಳಿಸಿತು.

ಭಾರತದಲ್ಲಿ ದೆಹಲಿ ಪರಿಸರದ ವಸತಿ ಸಮುಚ್ಚಯವೊಂದರಲ್ಲಿ ಅನಂತ್ ಸುದರ್ಶನ್ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೆರೆಯವರೊಡನೆ ಹೋಲಿಸುವ ವಾರದ ವರದಿಗಳಿಂದ ಬೇಸಿಗೆಯ ವಿದ್ಯುತ್ ಬಳಕೆ ಸುಮಾರು ಶೇ. 7ರಷ್ಟು ಕಡಿಮೆಯಾಯಿತು. ಅದೇ ವರದಿಗೆ ಹಣದ ಪ್ರೋತ್ಸಾಹವನ್ನು ಸೇರಿಸಿದಾಗ ಈ ಇಳಿಕೆ ಕಾಣಲಿಲ್ಲ. ಸಾಮಾಜಿಕ ಹೊಣೆಯಾಗಿ ಕಂಡದ್ದು ಹಣ ಬಂದೊಡನೆ ವ್ಯವಹಾರವಾಗಿ ಬದಲಾಗುತ್ತದೆಂಬುದು ಇದಕ್ಕೆ ಕೊಡಲಾಗುವ ವಿವರಣೆಗಳಲ್ಲೊಂದು.

ಸೌರಫಲಕ ಮತ್ತು ಕಾಣುವ ಸಾಧನಗಳು

ಛಾವಣಿಯ ಮೇಲಿನ ಸೌರಫಲಕ ಬೀದಿಗೆ ಕಾಣಿಸುವ ಸಾಧನ. ಕ್ಯಾಲಿಫೋರ್ನಿಯದ ದಾಖಲೆಗಳನ್ನು ಪರಿಶೀಲಿಸಿದ ಬ್ರಯಾನ್ ಬೋಲಿಂಜರ್ ಮತ್ತು ಕೆನೆತ್ ಗಿಲಿಂಗ್ಯಾಮ್ 2012ರಲ್ಲಿ, ಒಂದು ಅಂಚೆವಲಯದಲ್ಲಿ ಈಗಾಗಲೇ ಇರುವ ಫಲಕಗಳ ಸಂಖ್ಯೆ ಹೆಚ್ಚಿದಂತೆ ಅಲ್ಲಿ ಹೊಸ ಮನೆಯೊಂದು ಅದನ್ನು ಅಳವಡಿಸುವ ಸಂಭವ ಏರುತ್ತದೆಂದು ತೋರಿಸಿದರು. ಕನೆಕ್ಟಿಕಟ್ ರಾಜ್ಯದ ಅಧ್ಯಯನವು ಈ ಪ್ರಭಾವ ಅರ್ಧ ಮೈಲಿಯೊಳಗೆ ಹೆಚ್ಚು ಬಲವಾಗಿದ್ದು, ದೂರ ಮತ್ತು ಕಾಲ ಹೆಚ್ಚಿದಂತೆ ಕುಂದುತ್ತದೆಂದು ಕಂಡುಕೊಂಡಿತು.

ಅದೇ ರಾಜ್ಯದ 58 ಊರುಗಳಲ್ಲಿ ಸ್ವಯಂಸೇವಕರ ಮೂಲಕ ಸೌರಫಲಕದ ಪ್ರಚಾರ ನಡೆದಿದ್ದು, ಅದನ್ನು ಕುರಿತು 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ತಮ್ಮ ಮನೆಗೆ ಫಲಕ ಹಾಕಿಸಿಕೊಂಡಿದ್ದ ಸಂಘಟಕರು, ಹಾಕಿಸಿಕೊಳ್ಳದೆ ಪ್ರಚಾರ ಮಾಡಿದವರಿಗಿಂತ ಶೇ. 62.8ರಷ್ಟು ಹೆಚ್ಚು ನಿವಾಸಿಗಳನ್ನು ಒಲಿಸಿದರು. ಹೇಳುವವನು ತಾನು ಮಾಡಿರಬೇಕೆಂಬ ಸಾಮಾನ್ಯ ತಿಳಿವಳಿಕೆಗೆ ಇದು ಅಂಕಿಯ ಆಧಾರವನ್ನು ಒದಗಿಸಿತು. ಮಾತಿಗಿಂತ ಕೃತಿಯು ಹೇಳುವವನ ನಂಬಿಕೆಯನ್ನು ಹೆಚ್ಚು ಖಚಿತವಾಗಿ ಸೂಚಿಸುವುದರಿಂದ ಕೇಳುವವರು ಅದನ್ನು ಪುರಾವೆಯಾಗಿ ಸ್ವೀಕರಿಸುತ್ತಾರೆ.

ನೀರು

ಅಮೆರಿಕದ ಜಾರ್ಜಿಯ ರಾಜ್ಯದ ಕಾಬ್ ಕೌಂಟಿಯಲ್ಲಿ 2007ರ ಬರಗಾಲದಲ್ಲಿ 1 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಒಳಗೊಂಡ ಪ್ರಯೋಗ ನಡೆಯಿತು. ನೀರು ಉಳಿಸುವ ಉಪಾಯಗಳ ಪಟ್ಟಿಯನ್ನಷ್ಟೇ ಪಡೆದವರಲ್ಲಿ ಬಳಕೆ ಸುಮಾರು ಶೇ. 1ರಷ್ಟು ಇಳಿದರೆ, ಅದರೊಡನೆ ಸಾರ್ವಜನಿಕ ಹಿತದ ಮನವಿಯನ್ನೂ ಪಡೆದವರಲ್ಲಿ ಶೇ. 2.7ರಷ್ಟು, ನೆರೆಯವರೊಡನೆ ಹೋಲಿಕೆಯನ್ನೂ ಸೇರಿಸಿದಾಗ ಶೇ. 4.8ರಷ್ಟು ಇಳಿಯಿತು.

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಪ್ರಸಂಗ ಇನ್ನೂ ತೀವ್ರವಾದುದು. ಸತತ ಬರಗಾಲದಿಂದ ಜಲಾಶಯಗಳು ಬತ್ತಿ, ನಲ್ಲಿಗಳಿಗೆ ನೀರು ನಿಲ್ಲಿಸಬೇಕಾದ ದಿನವನ್ನು ಶೂನ್ಯದಿನ ಎಂದು ಘೋಷಿಸಿದ್ದ ಆ ನಗರದಲ್ಲಿ 2018ರ ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ಜಾರಿಯಾಯಿತು. ಅದಕ್ಕೆ ತುಸು ಮುನ್ನ ನಗರಾಡಳಿತವು ಮಿತಿಯೊಳಗೆ ನೀರು ಬಳಸುವ ಮನೆಗಳಿಗೆ ಹಸಿರು ಚುಕ್ಕೆ ಇಟ್ಟ ನಕ್ಷೆಯೊಂದನ್ನು ಪ್ರಕಟಿಸಿ, ಬೀದಿಬೀದಿಯ ಬಳಕೆಯನ್ನು ಎಲ್ಲರೂ ನೋಡುವಂತೆ ಮಾಡಿತು. ಮಿತಿ ಮೀರಿದವರನ್ನು ಗುರುತಿಸುವ ಬದಲು ಪಾಲಿಸಿದವರನ್ನು ಗುರುತಿಸಿದ್ದು ಈ ಕ್ರಮದ ವೈಶಿಷ್ಟ್ಯ. ಆದರೂ ಖಾಸಗಿತನಕ್ಕೆ ಧಕ್ಕೆಯಾಗುತ್ತದೆಂಬ ಆಕ್ಷೇಪಣೆಯಿಂದ ಅದು ತಪ್ಪಿಸಿಕೊಳ್ಳಲಿಲ್ಲ. ಬಿಗಿಯಾದ ದರ, ಕೊಳವೆಗಳಲ್ಲಿ ನೀರಿನ ಒತ್ತಡದ ನಿಯಂತ್ರಣ, ಕೃಷಿಗೆ ನೀರು ಕಡಿತ, ಅನಂತರದ ಮಳೆ ಇವೆಲ್ಲ ಸೇರಿ ಶೂನ್ಯದಿನ ತಪ್ಪಿದುದರಿಂದ ಚುಕ್ಕೆಗಳ ಪಾಲೆಷ್ಟೆಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಜಪಾನಿನ ಬಿವಾ ಸರೋವರದ ಪ್ರಸಂಗವು ನೆರೆಹೊರೆಯ ಸಂಘಟನೆ ಕಾನೂನಾಗಿ ಮಾರ್ಪಟ್ಟ ಬಗೆಗೆ ನಿದರ್ಶನ. 1977ರಲ್ಲಿ ಆ ಸರೋವರದಲ್ಲಿ ಪಾಚಿಜೀವಿಗಳು ಮಿತಿಮೀರಿ ಬೆಳೆದು ನೀರು ಕೆಂಪಾದಾಗ, ಮನೆಗಳಿಂದ ಹರಿದುಬರುವ ಸಂಶ್ಲೇಷಿತ ಮಾರ್ಜಕಗಳ ರಂಜಕವೂ ಕಾರಣವೆಂದು ತಿಳಿದ ಶಿಗಾ ಪ್ರಾಂತ್ಯದ ಗೃಹಿಣಿಯರು, ಸ್ಥಳೀಯ ಮಹಿಳಾ ಸಂಘಗಳ ಮೂಲಕ ಸಾಬೂನಿನ ಪುಡಿಗೆ ಮರಳುವ ಚಳವಳಿ ನಡೆಸಿದರು. ಪ್ರಾಂತ್ಯ ಸರ್ಕಾರವು 1979ರಲ್ಲಿ ರಂಜಕಯುಕ್ತ ಮಾರ್ಜಕಗಳ ಮಾರಾಟ ಮತ್ತು ಬಳಕೆಯನ್ನು ನಿಷೇಧಿಸುವ ಶಾಸನ ಮಾಡಿತು. ಅನಂತರ ಕಂಪನಿಗಳು ರಂಜಕರಹಿತ ಮಾರ್ಜಕಗಳನ್ನು ತಂದಾಗ ಸಾಬೂನಿನ ಬಳಕೆ ಕುಗ್ಗಿತಾದರೂ, ಶಾಸನ ಉಳಿಯಿತು. ಅಭ್ಯಾಸವು ಸಂಸ್ಥೆಯ ರೂಪ ಪಡೆದಾಗ ಮಾತ್ರ ಉತ್ಸಾಹದ ಅಲೆ ಇಳಿದ ಮೇಲೂ ಫಲ ಉಳಿಯುತ್ತದೆಂಬುದನ್ನು ಇದು ತೋರಿಸುತ್ತದೆ.

ಅಡುಗೆ ಇಂಧನ

ಹೊಗೆರಹಿತ ಒಲೆ, ಗೋಬರ್ ಗ್ಯಾಸ್, ಎಲ್‌ಪಿಜಿ ಇವುಗಳ ಸ್ವೀಕಾರದಲ್ಲಿ ಬೆಲೆ ಮತ್ತು ಪೂರೈಕೆಗಳ ಜೊತೆಗೆ ಬಂಧುಬಳಗದ ಅಭಿಪ್ರಾಯವೂ ಕೆಲಸ ಮಾಡುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗ್ರಾಂಟ್ ಮಿಲ್ಲರ್ ಮತ್ತು ಮುಶ್ಫಿಕ್ ಮೊಬಾರಕ್ ನಡೆಸಿದ ಅಧ್ಯಯನದಲ್ಲಿ, ಊರಿನ ಪ್ರಮುಖರು ಹೊಸ ಒಲೆಯನ್ನು ಸ್ವೀಕರಿಸಿದ ಸುದ್ದಿಗಿಂತ ನಿರಾಕರಿಸಿದ ಸುದ್ದಿಯೇ ಇತರರ ಮೇಲೆ ಹೆಚ್ಚು ಪ್ರಭಾವ ಬೀರಿತು. ಒಲೆಯ ಹೊಗೆಯಿಂದ ಹೆಚ್ಚು ಬಾಧೆಪಡುವ ಮಹಿಳೆಯರು ಹೊಸ ಒಲೆಯನ್ನು ಬಯಸಿದರೂ ಖರೀದಿಯ ಅಧಿಕಾರ ಅವರ ಕೈಯಲ್ಲಿ ಇಲ್ಲದಿರುವುದನ್ನೂ ಈ ಸಂಶೋಧಕರು ಗುರುತಿಸಿದರು. ಭಾರತದಲ್ಲಿ 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆಯಿಂದ ಬಡ ಕುಟುಂಬಗಳ ಮಹಿಳೆಯರ ಹೆಸರಿಗೆ ಕೋಟ್ಯಂತರ ಸಂಪರ್ಕಗಳು ದೊರೆತರೂ, ಅನೇಕ ಮನೆಗಳಲ್ಲಿ ಸಿಲಿಂಡರಿನ ಪಕ್ಕದಲ್ಲೇ ಸೌದೆ ಒಲೆಯೂ ಉರಿಯುತ್ತದೆ. ಒಂದೇ ಮನೆಯಲ್ಲಿ ಹಲವು ಇಂಧನಗಳು ಕೂಡಿರುವ ಈ ಮಿಶ್ರಬಳಕೆಗೆ ಸಿಲಿಂಡರಿನ ಬೆಲೆ ಮುಖ್ಯ ಕಾರಣವಾದರೂ, ರೊಟ್ಟಿ ಒಲೆಯ ಮೇಲೆಯೇ ಚೆನ್ನ, ಹಂಡೆ ನೀರು ಸೌದೆಯಲ್ಲೇ ಕಾಯಬೇಕು ಎಂಬ ಹಿರಿಯರ ರುಚಿ ಮತ್ತು ಅಭಿಪ್ರಾಯಗಳ ಪಾಲೂ ಇದೆ.

ಕುಟುಂಬದ ಒಳಗೆ

ಸಾಮಾಜಿಕ ನಂಟುಗಳಲ್ಲಿ ಅತಿ ಬಿಗಿಯಾದುದು ಕುಟುಂಬ. ಅಲ್ಲಿ ಪ್ರಭಾವವು ಹಿರಿಯರಿಂದ ಕಿರಿಯರಿಗೆ ಹರಿಯುವಂತೆ ಕಿರಿಯರಿಂದ ಹಿರಿಯರಿಗೂ ಹರಿಯುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲೆಯಲ್ಲಿ ಹವಾಮಾನ ಬದಲಾವಣೆಯ ಪಾಠ ಕಲಿತ ಮಕ್ಕಳ ತಂದೆತಾಯಿಗಳಲ್ಲೂ ಆ ಬಗ್ಗೆ ಕಾಳಜಿ ಹೆಚ್ಚಿತು. ಹೆಣ್ಣುಮಕ್ಕಳ ಪ್ರಭಾವ ಹೆಚ್ಚಾಗಿದ್ದು, ಆರಂಭದಲ್ಲಿ ಕಾಳಜಿ ಕಡಿಮೆಯಿದ್ದ ಸಂಪ್ರದಾಯವಾದಿ ಪೋಷಕರಲ್ಲಿ ಬದಲಾವಣೆ ಎದ್ದು ಕಂಡಿತು.

ಕುಟುಂಬವನ್ನು ಒಂದೇ ಘಟಕವೆಂದು ಭಾವಿಸಿದಾಗ ಶ್ರಮವಿಭಜನೆ ಮರೆಯಾಗುತ್ತದೆ. ಕಸ ಬೇರ್ಪಡಿಸುವುದು, ಬಟ್ಟೆಯ ಚೀಲ ಒಯ್ಯುವುದು, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು ಮುಂತಾದ ಕೆಲಸಗಳ ಹೆಚ್ಚಿನ ಹೊರೆ ಮನೆಯ ಹೆಂಗಸರ ಮೇಲೂ, ನಗರಗಳಲ್ಲಿ ಮನೆಗೆಲಸದವರ ಮೇಲೂ ಬೀಳುತ್ತದೆ. ಯಜಮಾನರು ಸಭೆಯಲ್ಲಿ ಒಪ್ಪಿಬಂದ ನಿಯಮವು ಅಡುಗೆಮನೆಯಲ್ಲಿ ಪಾಲನೆಯಾಗದಿರುವುದಕ್ಕೆ, ಅದನ್ನು ಪಾಲಿಸಬೇಕಾದವರು ಆ ಸಭೆಯಲ್ಲಿ ಇಲ್ಲದಿದ್ದುದೇ ಎಷ್ಟೋ ಸಲ ಕಾರಣ.

ಸಂಘಟಿತ ಪ್ರಯತ್ನಗಳು

ನಂಟುಗಳನ್ನು ಉದ್ದೇಶಪೂರ್ವಕವಾಗಿ ಬಳಸಿಕೊಳ್ಳುವ ವಿಧಾನಗಳಲ್ಲಿ ಬೀದಿ ಮುಂದಾಳು ಪದ್ಧತಿ ಪ್ರಮುಖ. ಒಂದು ಬೀದಿಯ ನಿವಾಸಿಯೊಬ್ಬರು ತಾವು ಕಸ ಬೇರ್ಪಡಿಸುತ್ತ ಅಕ್ಕಪಕ್ಕದವರಿಗೆ ನೆನಪಿಸುವ, ಕಲಿಸಿಕೊಡುವ ಈ ಪದ್ಧತಿ ಕರಪತ್ರಗಳಿಗಿಂತ ಹೆಚ್ಚು ಫಲಕಾರಿಯೆಂದು ಅಮೆರಿಕದಲ್ಲಿ 1991ರಲ್ಲೇ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಸಾಮಾಜಿಕ ಪ್ರಭಾವದ ಪ್ರಯೋಗಗಳನ್ನು ಒಟ್ಟುಗೂಡಿಸಿ ಡಚ್ ಸಂಶೋಧಕಿಯರಾದ ವೋಕ್ಯೆ ಅಬ್ರಹಾಮ್ಸೆ ಮತ್ತು ಲಿಂಡ ಸ್ಟೆಗ್ 2013ರಲ್ಲಿ ಮಾಡಿದ ವಿಶ್ಲೇಷಣೆಯಲ್ಲೂ ಮುಖಾಮುಖಿ ಸಂಪರ್ಕವಿರುವ ಇಂಥ ವಿಧಾನಗಳೇ ಮುಂದಿದ್ದವು.

ಇನ್ನೊಂದು ಮಾದರಿ ಪರಿಸರ ತಂಡ. ಗ್ಲೋಬಲ್ ಆ್ಯಕ್ಷನ್ ಪ್ಲಾನ್ ಸಂಸ್ಥೆಯ ಆಶ್ರಯದಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಈ ಕಾರ್ಯಕ್ರಮದಲ್ಲಿ ನೆರೆಯವರು, ಸ್ನೇಹಿತರು ಅಥವಾ ಒಂದೇ ಸಂಘದ ಸದಸ್ಯರು ಸಣ್ಣ ತಂಡಗಳಾಗಿ ತಿಂಗಳಿಗೊಮ್ಮೆ ಸೇರಿ, ಕಸ, ಅನಿಲ, ವಿದ್ಯುತ್ತು, ನೀರು, ಸಾರಿಗೆ, ಖರೀದಿ ಹೀಗೆ ಒಂದೊಂದೇ ವಿಷಯವನ್ನು ಕೈಗೆತ್ತಿಕೊಂಡು, ತಮ್ಮ ಮನೆಯ ಅಳತೆಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರು. 2004ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಪರಿಶೀಲಿಸಿದ 38 ಬಗೆಯ ವರ್ತನೆಗಳಲ್ಲಿ ಸುಮಾರು ಅರ್ಧದಷ್ಟು ಸುಧಾರಿಸಿದ್ದು, ಕಾರ್ಯಕ್ರಮ ಮುಗಿದು ಎರಡು ವರ್ಷವಾದ ಮೇಲೂ ಆ ಸುಧಾರಣೆ ಉಳಿದಿತ್ತು. ಜಪಾನಿನಲ್ಲಿ 1965ರಲ್ಲಿ ಹಾಲಿನ ಸಾಮೂಹಿಕ ಖರೀದಿಯಿಂದ ಆರಂಭವಾದ ಸೇಕಾತ್ಸು ಕ್ಲಬ್ ಸಹಕಾರ ಸಂಘವು ನೆರೆಯ ಕೆಲವೇ ಮನೆಗಳ ಗುಂಪುಗಳನ್ನು ತನ್ನ ಮೂಲ ಘಟಕವಾಗಿಸಿಕೊಂಡು, ಸಂಶ್ಲೇಷಿತ ಮಾರ್ಜಕದ ಬದಲು ಸಾಬೂನು, ಮರುಬಳಕೆಯ ಬಾಟಲಿ ಮುಂತಾದವನ್ನು ಸದಸ್ಯರ ನಿತ್ಯದ ಅಭ್ಯಾಸವಾಗಿಸಿತು. ಒಂದು ಸಲದ ಪ್ರಚಾರಕ್ಕೂ ಇಂಥ ಗುಂಪುಗಳಿಗೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಮುಂದಿನ ತಿಂಗಳು ಅದೇ ಮುಖಗಳನ್ನು ಮತ್ತೆ ಎದುರಿಸಬೇಕಾಗುತ್ತದೆ.

ಕರ್ನಾಟಕದ ಅನುಭವ

ಕರ್ನಾಟಕದಲ್ಲಿ ಈ ವಿಷಯಕ್ಕೆ ಎರಡು ಬಗೆಯ ನಿದರ್ಶನಗಳು ದೊರೆಯುತ್ತವೆ. ಗ್ರಾಮೀಣ ನಿದರ್ಶನಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಪ್ರದೇಶದ ಗೋಬರ್ ಗ್ಯಾಸ್ ಸ್ಥಾವರಗಳು ಪ್ರಸಿದ್ಧ. ದೇಶದ ಹಲವೆಡೆ ಸಹಾಯಧನದಿಂದ ಕಟ್ಟಿದ ಸ್ಥಾವರಗಳು ಕೆಲವೇ ವರ್ಷಗಳಲ್ಲಿ ಪಾಳುಬಿದ್ದರೆ, ಇಲ್ಲಿ ಸಮೀಕ್ಷೆಗೆ ಒಳಪಟ್ಟವುಗಳಲ್ಲಿ ಬಹುತೇಕ ಎಲ್ಲವೂ ಕೆಲಸ ಮಾಡುತ್ತಿದ್ದುದನ್ನು ಪಿ. ಆರ್. ಭಟ್, ಎಚ್. ಎನ್. ಚಾಣಕ್ಯ ಮತ್ತು ಎನ್. ಎಚ್. ರವೀಂದ್ರನಾಥ್ 2001ರಲ್ಲಿ ದಾಖಲಿಸಿದರು. ಅಡಕೆ ತೋಟ, ಕೊಟ್ಟಿಗೆಯಲ್ಲಿ ದನ, ಸ್ಥಾವರದಿಂದ ಹೊರಬರುವ ಸಗಣಿರಾಡಿಗೆ (ಸ್ಲರಿ) ತೋಟದಲ್ಲೇ ಬಳಕೆ ಇವುಗಳ ಅನುಕೂಲದ ಜೊತೆಗೆ, ಸ್ಥಾವರ ಕಟ್ಟುವ ಸ್ಥಳೀಯರು ಊರಿಗೆ ಪರಿಚಿತರಾಗಿದ್ದು, ಕೆಟ್ಟರೆ ಬಂದು ಸರಿಪಡಿಸುವ ಹೊಣೆ ಹೊತ್ತಿದ್ದುದು ಯಶಸ್ಸಿಗೆ ಕಾರಣವಾಯಿತು. ಒಂದು ಮನೆಯಲ್ಲಿ ಕೈಕೊಟ್ಟ ಸ್ಥಾವರದ ಸುದ್ದಿ ಇಡೀ ಸೀಮೆಗೆ ತಲುಪಿ ಮುಂದಿನ ಕೆಲಸ ತಪ್ಪಿಹೋಗುವಂಥ ಕಡೆ ಗುಣಮಟ್ಟ ತಾನಾಗಿ ಉಳಿಯುತ್ತದೆ.

ನಗರದ ನಿದರ್ಶನ ಬೆಂಗಳೂರಿನ ಕಸ ವಿಂಗಡಣೆ. ನಗರದ ಕಸವನ್ನು ಸುರಿಯುತ್ತಿದ್ದ ಮಾವಳ್ಳಿಪುರ ಮತ್ತು ಮಂಡೂರಿನ ನಿವಾಸಿಗಳು ಪ್ರತಿಭಟಿಸಿ, 2012ರಲ್ಲಿ ಬೀದಿಗಳಲ್ಲಿ ಕಸದ ರಾಶಿ ಬಿದ್ದಾಗ, ಅದೇ ವರ್ಷದ ಅಕ್ಟೋಬರ್‌ನಿಂದ ಮೂಲದಲ್ಲೇ ವಿಂಗಡಿಸುವುದನ್ನು ಪಾಲಿಕೆ ಕಡ್ಡಾಯಗೊಳಿಸಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ ಒಂದು ಚೀಲದ ಪದ್ಧತಿಯನ್ನು ಜಾರಿಮಾಡಲು ಆದೇಶಿಸಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡು, ಡೈಪರು ಮುಂತಾದವಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಈ ಮಾದರಿಯನ್ನು ರೂಪಿಸಿ ಬಡಾವಣೆಗಳಲ್ಲಿ ಪ್ರಚುರಪಡಿಸಿದವರು ಘನತ್ಯಾಜ್ಯ ನಿರ್ವಹಣಾ ದುಂಡುಮೇಜು ಎಂಬ ನಾಗರಿಕ ಬಳಗದ ಸ್ವಯಂಸೇವಕರು. ಅವರಲ್ಲಿ ಹೆಚ್ಚಿನವರು ತಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಮೊದಲು ಮಾಡಿನೋಡಿದ ಮಹಿಳೆಯರು. ಬಾಗಿಲ ಮುಂದಿನ ಬುಟ್ಟಿಯ ಬಣ್ಣ ಅಕ್ಕಪಕ್ಕದವರಿಗೂ ಕಸದ ಗಾಡಿಯವರಿಗೂ ಕಾಣಿಸುವುದರಿಂದ, ಖಾಸಗಿಯಾಗಿದ್ದ ಅಭ್ಯಾಸವೊಂದು ಬೀದಿಯ ಕಣ್ಣಿಗೆ ಬಿದ್ದಿತು. ಬೆರಕೆ ಕಸವನ್ನು ಪೌರಕಾರ್ಮಿಕರು ಒಯ್ಯಲು ನಿರಾಕರಿಸಿದ ಕಡೆ ವಿಂಗಡಣೆ ಬೇಗ ನೆಲೆಯೂರಿತು. ಕಷ್ಟಪಟ್ಟು ಬೇರ್ಪಡಿಸಿದ ಕಸವನ್ನು ಗಾಡಿಯಲ್ಲಿ ಒಟ್ಟಿಗೆ ಸುರಿದ ಕಡೆ ನಿವಾಸಿಗಳ ಉತ್ಸಾಹ ಬೇಗ ಆರಿತು.

ಮನೆಗೊಬ್ಬರದ ಹರಡುವಿಕೆಯೂ ಇದೇ ದಾರಿಯದು. ಪೂನಂ ಬೀರ್ ಕಸ್ತೂರಿ 2006ರಲ್ಲಿ ಸ್ಥಾಪಿಸಿದ ಡೈಲಿ ಡಂಪ್ ಸಂಸ್ಥೆಯ ಸುಟ್ಟಮಣ್ಣಿನ ಕಂಬದಲ್ಲಿ ಮಡಕೆಗಳು ಒಂದರ ಮೇಲೊಂದು ಕೂರುತ್ತವೆ. ಮೇಲಿನ ಮಡಕೆಗೆ ದಿನವೂ ಹಸಿಕಸ ಹಾಕಿ, ತೆಂಗಿನ ನಾರಿನ ಪುಡಿ ಅಥವಾ ಒಣ ತರಗೆಲೆ ಮುಚ್ಚಿ, ಅದು ತುಂಬಿದಾಗ ಕೆಳಗಿನದರೊಡನೆ ಅದಲುಬದಲು ಮಾಡುತ್ತ ಬಂದರೆ ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಹೇಳಲು ಸರಳವಾದ ಈ ಕ್ರಮದಲ್ಲಿ ಹೊಸಬರು ಸೋಲುವುದು ಹುಳು ಮತ್ತು ವಾಸನೆ ಕಂಡ ಮೊದಲ ವಾರಗಳಲ್ಲಿ. ತೇವ ಹೆಚ್ಚಾಗಿದೆ, ಒಣಪುಡಿ ಸೇರಿಸಿ, ಹುಳು ಬಂದದ್ದು ಕೇಡಲ್ಲ ಎಂದು ಹೇಳಬಲ್ಲ ಅನುಭವಿ ಪಕ್ಕದಲ್ಲಿದ್ದರೆ ಅಭ್ಯಾಸ ಉಳಿಯುತ್ತದೆ, ಇಲ್ಲದಿದ್ದರೆ ಕಂಬ ಬಾಲ್ಕನಿಯ ಮೂಲೆ ಸೇರುತ್ತದೆ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಹಲವು ಬಗೆಯ ಗೊಬ್ಬರ ಸಾಧನಗಳನ್ನು ಉದ್ಯಾನದೊಳಗೆ ಕೆಲಸ ಮಾಡುವ ಸ್ಥಿತಿಯಲ್ಲೇ ಇಟ್ಟಿರುವುದು ಇಂಥ ಅನುಭವವನ್ನು ಸಾರ್ವಜನಿಕಗೊಳಿಸುವ ಯತ್ನ. ತಾರಸಿ ಕೈತೋಟಗಾರರ ಬಳಗವು ನಗರದಲ್ಲಿ ನಡೆಸುವ ‘ಊಟ ಫ್ರಮ್ ಯುವರ್ ತೋಟ’ ಮೇಳಗಳು ಆ ಗೊಬ್ಬರಕ್ಕೆ ಬಳಕೆಯ ದಾರಿಯನ್ನೂ, ಬೀಜ ಮತ್ತು ಮಾಹಿತಿಯ ವಿನಿಮಯಕ್ಕೆ ನೆಲೆಯನ್ನೂ ಒದಗಿಸಿವೆ.

ಮಳೆನೀರು ಸಂಗ್ರಹದಲ್ಲಿ ಮಾದರಿ ಮನೆಯ ಪಾತ್ರ ದೊಡ್ಡದು. ವಿಜ್ಞಾನಿ ಎ. ಆರ್. ಶಿವಕುಮಾರ್ 1990ರ ದಶಕದಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ಕಟ್ಟಿದ ‘ಸೌರಭ’ ಎಂಬ ಮನೆ ಮಳೆನೀರಿನಿಂದಲೇ ನಡೆಯುವುದನ್ನು ಅನೇಕರು ಬಂದು ನೋಡಿದರು. 2009ರ ಕಾನೂನು ತಿದ್ದುಪಡಿಯು ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದಾಗ, ತೋರಿಸಲು ಇಂಥ ಉದಾಹರಣೆಗಳು ಆಗಲೇ ಇದ್ದವು.

ಮಿತಿಗಳು ಮತ್ತು ವಿರುದ್ಧ ಪರಿಣಾಮಗಳು

ನಂಟುಗಳು ಪರಿಸರಕ್ಕೆ ಸದಾ ಅನುಕೂಲವಾಗಿಯೇ ಕೆಲಸ ಮಾಡುವುದಿಲ್ಲ. ದೊಡ್ಡ ಕಾರು, ಹವಾನಿಯಂತ್ರಕ, ಮದುವೆಯ ಊಟದಲ್ಲಿ ಎಲೆ ತುಂಬ ಬಡಿಸುವುದು ಇವೂ ನೆರೆಹೊರೆಯನ್ನು ನೋಡಿಯೇ ಹರಡುತ್ತವೆ; ಅತಿಥಿಗೆ ಬಾಟಲಿ ನೀರು ಕೊಡದಿದ್ದರೆ ಮರ್ಯಾದೆಗೆ ಕುಂದೆಂಬ ಭಾವನೆಯೂ ಸಾಮಾಜಿಕ ರೂಢಿಯೇ. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಇನ್ನೊಂದರಲ್ಲಿ ಸಡಿಲವಾಗುವ ಪ್ರವೃತ್ತಿಯನ್ನು ನೈತಿಕ ವಿನಾಯಿತಿ ಎನ್ನುತ್ತಾರೆ. ಅಮೆರಿಕದ ಅಪಾರ್ಟ್‌ಮೆಂಟ್ ಒಂದರಲ್ಲಿ ನೀರು ಉಳಿಸುವ ಪ್ರಚಾರದಿಂದ ನೀರಿನ ಬಳಕೆ ಶೇ. 6ರಷ್ಟು ಇಳಿದರೂ ಅದೇ ಅವಧಿಯಲ್ಲಿ ವಿದ್ಯುತ್ ಬಳಕೆ ಶೇ. 5.6ರಷ್ಟು ಏರಿದುದನ್ನು 2013ರ ಅಧ್ಯಯನವೊಂದು ವರದಿಮಾಡಿತು.

ಇತರರ ಬಗ್ಗೆ ತಪ್ಪು ಅಂದಾಜು ಇನ್ನೊಂದು ಅಡ್ಡಿ. 125 ದೇಶಗಳ ಸುಮಾರು 1 ಲಕ್ಷ 30 ಸಾವಿರ ಜನರನ್ನು ಒಳಗೊಂಡು 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹವಾಮಾನ ರಕ್ಷಣೆಗಾಗಿ ತಮ್ಮ ಆದಾಯದ ಶೇ. 1ರಷ್ಟನ್ನು ಕೊಡಲು ಶೇ. 69ರಷ್ಟು ಮಂದಿ ಸಿದ್ಧರಿದ್ದರೂ, ತಮ್ಮ ದೇಶದ ಇತರರಲ್ಲಿ ಅಷ್ಟು ಜನ ಸಿದ್ಧರಿಲ್ಲವೆಂದೇ ಜನ ನಂಬಿದ್ದರು. ಪ್ರತಿಯೊಬ್ಬರೂ ಉಳಿದವರಿಗೆ ಮನಸ್ಸಿಲ್ಲವೆಂದು ಭಾವಿಸಿ ಹಿಂಜರಿಯುವ ಈ ಸ್ಥಿತಿಯಲ್ಲಿ, ವಾಸ್ತವವನ್ನು ತಿಳಿಸುವುದೇ ಒಂದು ಪರಿಹಾರವಾಗುತ್ತದೆ. ಆಚರಿಸುವವರು ಇನ್ನೂ ಅಲ್ಪಸಂಖ್ಯಾತರಾಗಿದ್ದರೆ, ಅವರ ಸಂಖ್ಯೆ ಹೆಚ್ಚುತ್ತಿದೆಯೆಂದು ಹೇಳುವುದು ಪರಿಣಾಮಕಾರಿಯೆಂದು ಮಾಂಸರಹಿತ ಊಟದ ಕುರಿತು ಗ್ರೆಗ್ ಸ್ಪಾರ್ಕ್‌ಮನ್ ಮತ್ತು ಗ್ರೆಗರಿ ವಾಲ್ಟನ್ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸೂಚಿಸಿದವು.

ಸಂಶೋಧನೆಯ ವಿಧಾನದಲ್ಲೂ ತೊಡಕಿದೆ. ಒಂದೇ ಬೀದಿಯವರು ಒಂದೇ ಬಗೆಯಾಗಿ ವರ್ತಿಸಿದರೆ, ಅವರು ಒಬ್ಬರನ್ನೊಬ್ಬರು ಅನುಸರಿಸಿದರೋ, ಸಮಾನ ಅಭಿರುಚಿಯವರು ಒಂದೆಡೆ ನೆಲೆಸಿದರೋ, ಅಥವಾ ಎಲ್ಲರ ಮೇಲೂ ಒಂದೇ ದರ ಮತ್ತು ಹವೆ ಪ್ರಭಾವ ಬೀರಿದವೋ ಎಂದು ಬೇರ್ಪಡಿಸುವುದು ಕಠಿಣ. ಚಾರ್ಲ್ಸ್ ಮ್ಯಾನ್‌ಸ್ಕಿ 1993ರಲ್ಲಿ ಇದನ್ನು ಪ್ರತಿಬಿಂಬ ಸಮಸ್ಯೆಯೆಂದು ಹೆಸರಿಸಿದನು. ಯಾದೃಚ್ಛಿಕವಾಗಿ ಮನೆಗಳನ್ನು ಆರಿಸಿ ನಡೆಸುವ ಪ್ರಯೋಗಗಳಿಗೆ ಪ್ರಾಶಸ್ತ್ಯ ಬಂದುದು ಈ ಕಾರಣಕ್ಕೆ. ಎಲಿಜಬೆತ್ ಶೋವ್‌ಳಂಥ ಸಮಾಜವಿಜ್ಞಾನಿಗಳ ಆಕ್ಷೇಪಣೆ ಇನ್ನೂ ಮೂಲಭೂತವಾದುದು: ದಿನಕ್ಕೆಷ್ಟು ಸ್ನಾನ, ಕೋಣೆ ಎಷ್ಟು ತಂಪು, ಬಟ್ಟೆ ಎಷ್ಟು ಶುಭ್ರ ಎಂಬ ಅಪೇಕ್ಷೆಗಳನ್ನು ಕಟ್ಟಡಗಳು, ಯಂತ್ರಗಳು ಮತ್ತು ಸಾಮಾಜಿಕ ನಿರೀಕ್ಷೆಗಳು ಕೂಡಿ ರೂಪಿಸುವುದರಿಂದ, ನೆರೆಯವರೊಡನೆ ಹೋಲಿಸುವ ಚೀಟಿಗಳು ಆ ಅಪೇಕ್ಷೆಗಳನ್ನು ಮುಟ್ಟುವುದಿಲ್ಲವೆಂಬುದು ಅವರ ವಾದ.

ಅನ್ವಯ

ನೀತಿ ನಿರೂಪಣೆಯ ದೃಷ್ಟಿಯಿಂದ, ಸಾಮಾಜಿಕ ನಂಟುಗಳು ದರ, ಕಾನೂನು ಮತ್ತು ಮೂಲಸೌಕರ್ಯಗಳಿಗೆ ಬದಲಿಯಲ್ಲ, ಪೂರಕ. ಗಾಡಿ ಬರದ ಬೀದಿಯಲ್ಲಿ ವಿಂಗಡಣೆಯೂ, ಸಿಲಿಂಡರ್ ಕೊಳ್ಳಲಾಗದ ಮನೆಯಲ್ಲಿ ಹೊಗೆರಹಿತ ಅಡುಗೆಯೂ ನೆರೆಯವರ ಪ್ರೇರಣೆಯೊಂದರಿಂದ ನಿಲ್ಲಲಾರವು. ಹಾಗೆಯೇ ಆದೇಶ ಮತ್ತು ದಂಡಗಳಿಂದ ಆರಂಭವಾದ ಅಭ್ಯಾಸವು ಅಕ್ಕಪಕ್ಕದ ಮನೆಗಳಲ್ಲಿ ಬೇರೂರದಿದ್ದರೆ ತಪಾಸಣೆ ಸಡಿಲಾದೊಡನೆ ಬಿಟ್ಟುಹೋಗುತ್ತದೆ. ಆದ್ದರಿಂದ ಯೋಜನೆಯೊಂದನ್ನು ರೂಪಿಸುವಾಗ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳುವುದು ಉಚಿತವೆಂದು ಈ ಅಧ್ಯಯನಗಳಿಂದ ಗ್ರಹಿಸಬಹುದು: ಅಭ್ಯಾಸವು ಇತರರಿಗೆ ಕಾಣಿಸುವ ಏರ್ಪಾಟು, ಅದನ್ನು ಸಾರುವವರು ಸ್ವತಃ ಆಚರಿಸುವವರಾಗಿರುವುದು, ಮತ್ತು ಮೊದಲ ತೊಡಕಿನ ವಾರಗಳಲ್ಲಿ ಕೈಹಿಡಿಯಬಲ್ಲ ಗುಂಪು ನಡಿಗೆಯ ದೂರದಲ್ಲಿರುವುದು.